ನಿಕಾನೋರನ ಗಾಡಿ ಆರಿಂಚು ಇಳಿದದ್ದು

ಲೋಕದಲ್ಲಿ ಪ್ರತಿಯೊಬ್ಬರೂ ಮೇಲಕ್ಕೇರಬೇಕೆಂದು ಒದ್ದಾಡುತ್ತಿರುವಾಗ ನಮ್ಮ ನಿಕಾನೋರ್ ಮಾತ್ರ ಕೆಳಗಿಳಿಯಲೇಬೇಕೆಂದು ಹಠ ಹಿಡಿದ. ತಾನಲ್ಲ, ತನ್ನ ಪಿಕಪ್ ಗಾಡಿ! ಟೆಕ್ಸಸ್ಸಿನ ದಕ್ಷಿಣದ ತುದಿಯಲ್ಲಿ, ಹೊಳೆ ದಾಟಿದರೆ ಮೆಕ್ಸಿಕೊ ಎನ್ನುವಂಥ ಲಾ ನೊರಿಯಾ ಎಂಬ ಊರಲ್ಲಿ ಪಿಕಪ್ಪಿಗೆ ತ್ರೋಕಾ ಎನ್ನುತ್ತಾರೆ. ಅಲ್ಲಿ ಗಂಡಸಿನ ಮರ್ಯಾದೆ ಇರುವುದು ಅವನ ತ್ರೋಕಾದ ತಳಕ್ಕೂ ನೆಲಕ್ಕೂ ನಡುವಿನ ಸಂದಿಯಲ್ಲಿ. ಸಂದಿ ಸಣ್ಣದಾದಷ್ಟೂ ಮರ್ಯಾದೆ ದೊಡ್ಡದು. ನಿಕಾನೋರನ ತ್ರೋಕಾದಡಿ ಪಕ್ಕದ ಮನೆಯ ಟರ್ಕಿ ಕೋಳಿ ರೆಕ್ಕೆ ಬಿಚ್ಚಿಕೊಂಡು ವಾಯುಸೇವನೆ ಮಾಡುತ್ತಿತ್ತು. ಇದೂ ಒಂದು ಬಾಳೇ?

"ನೋಡ್ತಿರು ಯೆಸೇನಿಯಾ," ಎಂದು ಹೆಂಡತಿಯ ಮುಂದೆ ಎದೆ ತಟ್ಟಿಕೊಂಡ. "ನನ್ನ ಗಾಡಿಯಡಿ ಇರುವೆ ಹೋಗ್ಬೇಕಾದ್ರೂ ತಲೆ ತಗ್ಗಿಸಿಕೊಂಡೇ ಹೋಗ್ಬೇಕು! ಹಾಗೆ ಇಳಿಸ್ತೀನಿ!"

"ಇರುವೆ ತಗ್ಗಿಸುತ್ತೆ ಬಿಡು. ರಸ್ತೆ ಉಬ್ಬು ತಗ್ಗಿಸುತ್ತಾ ಮುದುಕಾ?" ಎಂದಳು ಯೆಸೇನಿಯಾ. ಗಂಡನಿಗೆ ಇನ್ನೂ ನಲವತ್ತಾಗಿರಲಿಲ್ಲ. ಆ ಊರಿನ ಹೆಂಡಿರು ಪ್ರೀತಿ ಬಂದಾಗಲೂ ಸಿಟ್ಟು ಬಂದಾಗಲೂ ಗಂಡನನ್ನು ಹಾಗೇ ಕರೆಯುವುದು.

ಗಾಡಿ ಇಳಿಸುವ ಬಿಡಿಭಾಗಗಳ ಕಿಟ್ ಆರಿಸಲು ಕ್ರಿಸ್ಪೀನ್ ಬಂದ. ಇವನು ನಿಕಾನೋರನ ಮಗನಿಗೆ ಚರ್ಚಿನಲ್ಲಿ ಧರ್ಮಪಿತನಾಗಿ ನಿಂತವನು. ಹಾಗಾಗಿ ಇಬ್ಬರೂ ಒಬ್ಬರನ್ನೊಬ್ಬರು 'ಕಂಪಾದ್ರೆ' ಎಂದು ಕರೆದುಕೊಂಡು, ಬೈಯುವಾಗಲೂ ಬಹುವಚನ ಬಿಡುತ್ತಿರಲಿಲ್ಲ.

"ಎರಡು-ನಾಲ್ಕು ತಗೊಳ್ಳಿ ಕಂಪಾದ್ರೆ," ಎಂದ ಕ್ರಿಸ್ಪೀನ್. "ಮುಂದೆ ಎರಡಿಂಚು, ಹಿಂದೆ ನಾಲ್ಕಿಂಚು. ಗಂಭೀರವಾಗಿ ಕಾಣುತ್ತೆ."

"ಗಂಭೀರವಾಗಿರೋಕೆ ಇದೇನು ಬಿಷಪ್ಪರ ಕಾರಾ? ನಾಲ್ಕು-ಆರು! ಮುಂದೆ ನಾಲ್ಕು, ಹಿಂದೆ ಆರು!"

"ಆರು ಇಳಿಸಿದ್ರೆ ಹಿಂದಿನ ಚಾಸಿಯಲ್ಲಿ ಕಚ್ಚು ಕತ್ತರಿಸ್ಬೇಕು. ಇಲ್ದಿದ್ರೆ ಭಾರ ಬಿದ್ದಾಗ ಆಕ್ಸೆಲ್ ಹೋಗಿ ಚಾಸಿಗೆ ಬಡಿಯುತ್ತೆ. ಗಾಡಿ ಕೂತ್ಕೊಂಡು ಬಿಡುತ್ತೆ."

ಗಾಡಿಯ ಬೆನ್ನೆಲುಬು ಕತ್ತರಿಸುವ ಮಾತು ಕೇಳಿ ನಿಕಾನೋರನಿಗೆ ತನ್ನ ಬೆನ್ನೇ ಚುರುಕ್ಕೆಂದಿತು. "ಅದೊಂದು ಬೇಡ ಕಂಪಾದ್ರೆ. ನಾನೇನು ಗೊಬ್ಬರ ಹೊರ್ತೀನಾ? ಖಾಲಿ ಓಡಿಸೋ ಗಾಡಿ. ಭಾರ ಎಲ್ಲಿಂದ ಬೀಳುತ್ತೆ?" ಎಂದ. ಎಲ್ಲಿಂದ ಬೀಳುತ್ತದೆ ಎಂಬುದು ಅವನಿಗೆ ಆಮೇಲೆ ತಿಳಿಯಿತು.

ಕಿಟ್ ಬಂತು. ಮನೆ ಹಿಂದಿನ ಹಿತ್ತಲಲ್ಲಿ ಗಾಡಿಯನ್ನು ಜಾಕಿನ ಮೇಲೆ ಎತ್ತಿದರು. ಹಿಂದಿನ ಆಕ್ಸೆಲ್ಲನ್ನು ಪಟ್ಟಿ ಸ್ಪ್ರಿಂಗಿನ ಕೆಳಗಿನಿಂದ ಬಿಚ್ಚಿ ಮೇಲೆ ಕೂರಿಸಿದ್ದು ಸಲೀಸಾಗಿಯೇ ಮುಗಿಯಿತು. ಭಯ ಇದ್ದದ್ದು ಮುಂದಿನ ಸುರುಳಿ ಸ್ಪ್ರಿಂಗಿನಲ್ಲಿ. ಇಡೀ ಇಂಜಿನ್ನಿನ ಭಾರವನ್ನು ಇಷ್ಟು ವರ್ಷ ಹೊತ್ತು, ಸಿಟ್ಟನ್ನೆಲ್ಲ ಒಳಗೇ ನುಂಗಿಕೊಂಡು ಕೂತಿರುವ ವಸ್ತು ಅದು!

"ಸರಪಳಿ ಬಿಗಿಯಾಗಿ ಸುತ್ತಿದೀರಿ ತಾನೆ ಕಂಪಾದ್ರೆ?" ಎಂದ ನಿಕಾನೋರ್, ಬಗ್ಗಿ ನೋಡುತ್ತಾ.

"ಸುತ್ತಿದೀನಿ. ಆದ್ರೂ ಮುಖ ಈಚೆ ಇಟ್ಕೊಳ್ಳಿ. ಇದು ಸಿಡಿದ್ರೆ ಗಡಿ ದಾಟಿ ಮೆಕ್ಸಿಕೊದಲ್ಲಿ ಬೀಳುತ್ತೆ. ಪಾಸ್‌ಪೋರ್ಟೂ ತೋರ್ಸಲ್ಲ."

ಬೋಲ್ಟು ಕೊನೆಯ ಸುತ್ತು ತಿರುಗಿತು. ಢಮಾರ್! ಸರಪಳಿ ಒಂದು ಕಡೆ, ಸ್ಪ್ರಿಂಗು ಒಂದು ಕಡೆ! ಕಂಪಾದ್ರೆಗಳಿಬ್ಬರೂ ಒಬ್ಬರನ್ನೊಬ್ಬರು ತಬ್ಬಿಕೊಂಡು ನೆಲಕ್ಕೊರಗಿದ್ದರು. ಕಣ್ಣು ಬಿಟ್ಟಾಗ ಮಾಂಸ ಸುಡುವ ಕಬ್ಬಿಣದ ಪೀಪಾಯಿಯ ಹೊಟ್ಟೆ ಒಳಕ್ಕೆ ಹೋಗಿತ್ತು, ಟರ್ಕಿ ಕೋಳಿ ಛಾವಣಿಯ ಮೇಲಿತ್ತು.

"ಬದುಕಿದೀರಾ?" ಎಂದು ಅಡುಗೆಮನೆಯ ಕಿಟಕಿಯಿಂದ ಯೆಸೇನಿಯಾ ಕೇಳಿದಳು.

"ಬದುಕಿದೀವಿ!"

"ಹಾಗಾದ್ರೆ ಆ ಪೀಪಾಯಿನ ಇವತ್ತೇ ಸರಿ ಮಾಡಿಕೊಡಿ."

ಅಂತೂ ಗಾಡಿ ಇಳಿಯಿತು. ಆಹಾ! ಚಕ್ರಗಳು ಅರ್ಧ ಒಳಗೆ ಅಡಗಿ, ತಳ ನೆಲವನ್ನು ಸವರುತ್ತಾ ರಸ್ತೆಯಲ್ಲಿ ತೇಲಿಕೊಂಡು ಹೋದಾಗ ಟೈರು ಅಂಗಡಿಯ ಮುಂದಿದ್ದವರೆಲ್ಲ ಶಿಳ್ಳೆ ಹೊಡೆದರು. ನಿಕಾನೋರ್ ಒಂದು ಕೈಯಲ್ಲಿ ಸ್ಟೀರಿಂಗ್ ಹಿಡಿದು, ಇನ್ನೊಂದನ್ನು ಕಿಟಕಿಯಾಚೆ ಇಳಿಬಿಟ್ಟು, ಸಾಮ್ರಾಟನಂತೆ ಮನೆಗೆ ಬಂದ. ಸಾಮ್ರಾಜ್ಯ ಆ ಸಂಜೆಯ ಫೋನಿನವರೆಗೆ ಬಾಳಿತು.

ಫೋನು ಮಾಡಿದ್ದು ಅತ್ತೆ, ದೋನ್ಯಾ ಎರ್ಲಿಂದಾ. ಊರಿನ ಗ್ವಾದಲೂಪೆ ಮಾತೆಯ ಮಹಿಳಾ ಸಂಘಕ್ಕೆ ಅಧ್ಯಕ್ಷೆ. ಅವರ ದನಿ ಕೇಳಿದರೆ ಪಾದ್ರಿಗಳೂ ಕುರ್ಚಿಯಿಂದ ಏಳುತ್ತಿದ್ದರು.

"ಅಳಿಯಂದ್ರೇ, ನಾಳೆ ಮಾತೆಯ ಹಬ್ಬ. ಮೆರವಣಿಗೆ ಗಾಡಿಯ ಗೇರ್‌ಬಾಕ್ಸ್ ಹೋಗಿದೆಯಂತೆ. ನಿಮ್ಮ ತ್ರೋಕಾ ತೊಳೆದು ತನ್ನಿ."

"ಅತ್ತೆ... ಅದು... ನನ್ನ ಗಾಡಿ ಈಗ ಸ್ವಲ್ಪ..."

"ಸ್ವಲ್ಪ ಏನು? ಮಾತೆಗೆ ಇಲ್ಲ ಅಂತೀರಾ?"

"ಅಯ್ಯೋ, ಹಾಗಲ್ಲ ಅತ್ತೆ! ತೊಳೆದೇ ತರ್ತೀನಿ!"

ಫೋನಿಟ್ಟ ಮೇಲೆ ಅವನ ಎದೆಯಲ್ಲಿ ಅವಲಕ್ಕಿ ಕುಟ್ಟಿದಂತಾಯಿತು. ಮಾತೆಯ ಮೂರ್ತಿ ಮರದ್ದಲ್ಲ, ಕಾಂಕ್ರೀಟಿನದು. ಎಂಟು ಜನ ಹೊರುವಂಥದು. ಅದನ್ನು ಒಮ್ಮೆ ಗಾಡಿಗೆ ಏರಿಸಿದರೆ ಚರ್ಚಿನ ಬಾಗಿಲು ಮುಟ್ಟುವವರೆಗೆ ಕೆಳಗಿಳಿಸುವಂತಿಲ್ಲ. ಅತ್ತೆಯ ಅಜ್ಜಿಯ ಕಾಲದಿಂದ ಬಂದ ಕಟ್ಟುಪಾಡು.

ಮರುದಿನ ಬೆಳಿಗ್ಗೆ ಗುಲಾಬಿ ಹೂವಿನ ನಡುವೆ ಮಾತೆಯನ್ನು ಕೂರಿಸಿದಾಗ ಗಾಡಿ ಸಣ್ಣಗೆ ನರಳಿ ಎರಡಿಂಚು ಕುಸಿಯಿತು. ಕ್ರಿಸ್ಪೀನ್ ಹಿಂದಿನ ಚಕ್ರದೊಳಗೆ ಇಣುಕಿ, "ಇನ್ನೂ ಒಂದು ಬೆರಳು ಸಂದಿಯಿದೆ ಕಂಪಾದ್ರೆ. ದೇವರು ದೊಡ್ಡವನು," ಎಂದ. ಆಗ ಅತ್ತೆ ಗಾಡಿಯ ಹಿಂದೆ ಬಂದು ನಿಂತು ನೋಡಿ, ಮುಖ ಅರಳಿಸಿದರು.

"ಅಯ್ಯೋ, ಎಷ್ಟು ತಗ್ಗಾಗಿದೆ! ಮೊಣಕಾಲು ನೋವಿನವರೂ ಹತ್ತಬಹುದಲ್ಲೇ! ಬನ್ರೇ, ಈ ಸಲ ಯಾರೂ ನಡೆಯೋದು ಬೇಡ!"

ಅಷ್ಟೇ! ಪ್ರತಿ ವರ್ಷ ಜಪಮಾಲೆ ಹಿಡಿದು ಹಿಂದೆ ನಡೆಯುತ್ತಿದ್ದ ಸಂಘದ ಹಿರಿಯರೆಲ್ಲ ಒಬ್ಬೊಬ್ಬರಾಗಿ ಹತ್ತಿದರು. ಹತ್ತುವ ಒಬ್ಬೊಬ್ಬರಿಗೂ ಗಾಡಿ ಒಂದೊಂದು ಸಲ ನರಳಿತು, ಕ್ಯಾಬಿನೊಳಗೆ ನಿಕಾನೋರನೂ ನರಳಿದ. ಕೊನೆಯಲ್ಲಿ ಅತ್ತೆ ಹತ್ತಿ ಮಾತೆಯ ಬಲಕ್ಕೆ ಕುರ್ಚಿ ಹಾಕಿಸಿಕೊಂಡು ಕೂತರು. ಟಣ್ ಎಂದು ಕಬ್ಬಿಣಕ್ಕೆ ಕಬ್ಬಿಣ ತಾಗಿದ ಸದ್ದು ಬಂತು. ಕ್ರಿಸ್ಪೀನ್ ಎದ್ದು ನಿಂತು ಶಿಲುಬೆಯ ಗುರುತು ಮಾಡಿಕೊಂಡ. ಬೆರಳಿನ ಸಂದಿ ಮುಗಿದಿತ್ತು.

ಮೆರವಣಿಗೆ ಹೊರಟಿತು. ಮುಂದೆ ಮತಚೀನ್ ಕುಣಿತದವರು ತಲೆಗೆ ಗರಿ ಕಟ್ಟಿ, ಡೋಲು ಬಾರಿಸುತ್ತಾ, ಶಂಖ ಊದುತ್ತಾ, ಗೆಜ್ಜೆ ಕುಣಿಸುತ್ತಾ ನಡೆದರು. ಹಿಂದೆ ಊರಿಗೆ ಊರೇ. ನಡುವೆ ನಿಕಾನೋರನ ತ್ರೋಕಾ, ರಸ್ತೆಯ ಒಂದೊಂದು ಕಲ್ಲನ್ನೂ ಕೆರೆಯುತ್ತಾ ಸಾಗಿತು. ಪ್ರತಿ ಕೆರೆತಕ್ಕೂ ಅವನ ಬೆನ್ನಲ್ಲಿ ಬೆವರು. ಪಕ್ಕದಲ್ಲಿ ನಡೆಯುತ್ತಿದ್ದ ಯೆಸೇನಿಯಾ ಕಿಟಕಿಯ ಹತ್ತಿರ ಬಂದು, "ಮುಂದೆ ರೈಲು ಹಳಿ ಇದೆ, ಗೊತ್ತು ತಾನೆ?" ಎಂದಳು.

ಗೊತ್ತಿತ್ತು. ಬೆಳಗಿನಿಂದ ಅವನ ತಲೆಯಲ್ಲಿ ಬೇರೇನೂ ಇರಲಿಲ್ಲ. ಅಲ್ಲಿ ರಸ್ತೆ ಉಬ್ಬಿ ಏರಿ, ಹಳಿ ದಾಟಿ, ಆಚೆ ಇಳಿಯುತ್ತದೆ. ಚರ್ಚಿರುವುದು ಆಚೆ.

ಮುಂದಿನ ಚಕ್ರಗಳು ಹಳಿ ದಾಟಿದವು. ನಿಕಾನೋರ್ ಉಸಿರು ಬಿಟ್ಟ. ಬಿಡಬಾರದಿತ್ತು. ಕರ್ರ್ರ್ ಎಂದು ಗಾಡಿ ಹಳಿಯ ಮೇಲೆ ಬೆಪ್ಪಾಗಿ ಕೂತುಬಿಟ್ಟಿತು. ಆಕ್ಸಿಲರೇಟರ್ ತುಳಿದ, ಹಿಂದಿನ ಚಕ್ರ ಚೀರಿತು, ಹೊಗೆ ಬಂತು, ಗಾಡಿ ಅಲ್ಲಾಡಲಿಲ್ಲ.

"ಏನಾಯ್ತು ಅಳಿಯಂದ್ರೇ?" ಎಂದು ಹಿಂದಿನಿಂದ ಅತ್ತೆ.

"ಏನಿಲ್ಲ ಅತ್ತೆ, ಸ್ವಲ್ಪ ದಣಿವಾರಿಸಿಕೊಳ್ತಿದೆ!"

ಆಗ ದೂರದಲ್ಲಿ ಏನೋ ಕೂಗಿತು. ಮೊದಲು ಎಲ್ಲರೂ ಶಂಖದವನು ಊದಿದನೆಂದುಕೊಂಡರು. ಶಂಖದವನೇ, "ನಾನಲ್ಲ!" ಎಂದ. ಅದು ರೈಲು.

ಯೆಸೇನಿಯಾ ಆಗಲೇ ಹಳಿಯ ಪಕ್ಕದ ರೈಲ್ವೆಯವರ ನೀಲಿ ಫಲಕದಲ್ಲಿದ್ದ ನಂಬರಿಗೆ ಫೋನು ಮಾಡಿದ್ದಳು. "ಬ್ರೇಕ್ ಹಾಕ್ತಾರಂತೆ. ಆದ್ರೆ ಜೋಳ ತುಂಬಿದ ಗೂಡ್ಸು. ಇಲ್ಲಿಗೆ ಮುಂಚೆ ನಿಲ್ಲುತ್ತೆ ಅಂತ ಮಾತು ಕೊಡಲ್ಲ ಅಂತಾರೆ. ಜನರನ್ನ ದೂರ ಕಳಿಸಿ ಅಂದ್ರು!"

ಪಾದ್ರಿಗಳು ಜನರನ್ನು ಹಿಂದಕ್ಕೆ ದಬ್ಬಿದರು. ಹತ್ತಲು ಅಷ್ಟು ಹೊತ್ತು ಹಿಡಿದಿದ್ದ ಸಂಘದ ಹಿರಿಯರು ಇಳಿಯುವಾಗ ಮೊಣಕಾಲು ಮರೆತು ಹುಡುಗಿಯರಂತೆ ಜಿಗಿದರು. ಅತ್ತೆ ಮಾತ್ರ ಕುರ್ಚಿಯಿಂದ ಏಳಲಿಲ್ಲ.

"ಮಾತೆಯನ್ನ ಹಳಿ ಮೇಲೆ ಬಿಟ್ಟು ನಾನಿಳಿಯಲ್ಲ. ಬರೋ ರೈಲು ಬರ್ಲಿ!"

ಗಾಡಿಯ ಪಕ್ಕ ಮಲಗಿ ಅಡಿಗೆ ಇಣುಕುತ್ತಿದ್ದ ಕ್ರಿಸ್ಪೀನ್ ತಲೆಯೆತ್ತಿ, "ಎದ್ದಿದೆ ಕಂಪಾದ್ರೆ! ಅವರೆಲ್ಲ ಇಳಿದ ಮೇಲೆ ಸುಮಾರು ಎದ್ದಿದೆ. ಇನ್ನು ಸ್ವಲ್ಪ ಭಾರ ಕಮ್ಮಿ ಆದ್ರೆ ಸಾಕು..." ಎಂದವನು, ಮೇಲೆ ಕೂತವರನ್ನು ನೋಡಿ ದನಿ ತಗ್ಗಿಸಿದ. "ನೀವೇ ಹೇಳಿ. ನಿಮ್ಮ ಅತ್ತೆ."

"ನೀವು ಹೇಳಿ ಕಂಪಾದ್ರೆ. ನಿಮಗೆ ಅತ್ತೆ ಅಲ್ಲ, ಆಮೇಲೆ ಊರು ಬಿಟ್ಟು ಓಡಿಹೋಗಬಹುದು."

ಎಂಥ ಧರ್ಮಸಂಕಟ! ಒಂದು ಕಡೆ ಸಾವಿರಾರು ಟನ್ನಿನ ಗೂಡ್ಸು, ಇನ್ನೊಂದು ಕಡೆ 'ಅತ್ತೆ, ನೀವು ಭಾರ' ಎಂಬ ಮೂರು ಮಾತು. ನಿಕಾನೋರನಿಗೆ ನಿಜವಾಗಿ ಗೂಡ್ಸೇ ವಾಸಿ ಎನಿಸಿತು. ರೈಲು ಗುದ್ದಿದರೆ ಒಂದೇ ಸಲ. ಆದರೆ ಹಿಂದಿನ ಗಾಜಿನಲ್ಲಿ ಮಾತೆಯ ತಗ್ಗಿಸಿದ ಮುಖ ಕಾಣುತ್ತಿತ್ತು. ಅವನ ಅಮ್ಮ, ಅವನು, ಅವನ ಮಗ, ಎಲ್ಲರೂ ಆ ಮುಖದ ಮುಂದೆ ಮೇಣದಬತ್ತಿ ಹಚ್ಚಿ ಬೆಳೆದವರು. ತನ್ನ ಶೋಕಿಗೆ ಆ ಮುಖ ಪುಡಿಯಾಗುತ್ತದಲ್ಲ ಎಂದು ನಿಜಕ್ಕೂ ಭಯವಾಯಿತು. ಅಳು ಬಂತು. ಬಾಯಿ ಬಿಟ್ಟ.

"ಅತ್ತೆ... ಗಾಡಿಗೆ ಸ್ವಲ್ಪ... ಉಸಿರಾಡೋಕೆ ಕಷ್ಟ ಆಗ್ತಿದೆ..."

"ನೇರವಾಗಿ ಹೇಳಿ."

"ನೀವು ಒಂದೇ ಒಂದು ನಿಮಿಷ ಕೆಳಗೆ... ಗಾಳಿಗೆ..."

"ನಾನು ದಪ್ಪ ಅಂತ ತಾನೆ?"

ಡೋಲು ನಿಂತಿತ್ತು. ಊರಿಗೆ ಊರೇ ಕಿವಿಯಾಗಿತ್ತು. ನಿಕಾನೋರ್ ಸ್ಟೀರಿಂಗಿಗೆ ಹಣೆ ಒತ್ತಿಕೊಂಡು, "ಹೌದು ಅತ್ತೆ," ಎಂದ. ಅಷ್ಟು ಮೆಲ್ಲಗೆ ಅವನು ಪಾಪನಿವೇದನೆಯಲ್ಲೂ ಮಾತಾಡಿರಲಿಲ್ಲ.

ಅತ್ತೆ ಎದ್ದರು. ಶಾಲು ಸರಿಮಾಡಿಕೊಂಡರು. ಯಾರ ಕೈಯನ್ನೂ ಹಿಡಿಯದೆ ಕೆಳಗಿಳಿದು, ಹಳಿಯ ಪಕ್ಕದಲ್ಲಿ ಸೊಂಟದ ಮೇಲೆ ಕೈಯಿಟ್ಟು ನಿಂತರು. "ಇಳಿದೆ. ಓಡ್ಸಿ ನೋಡೋಣ."

ನಿಕಾನೋರ್ ತುಳಿದ. ಚಕ್ರ ಚೀರಿತು. ಗಾಡಿ ಒಂದಿಷ್ಟೂ ಕದಲಲಿಲ್ಲ!

"ಹಿಂದುಗಡೆ ಪೂರ್ತಿ ಎದ್ದಿದೆ!" ಕ್ರಿಸ್ಪೀನ್ ನೆಲದಿಂದಲೇ ಅರಚಿದ. "ಹಿಡ್ಕೊಂಡಿರೋದು ಕ್ಯಾಬಿನ ಅಡಿ! ಡ್ರೈವರ್ ಸೀಟಿನ ನೇರಕ್ಕೆ! ಒಂದು ದಾರದಷ್ಟು ಎದ್ರೆ ಸಾಕು!"

ರೈಲಿನ ದೀಪ ಕಾಣತೊಡಗಿತು. ಹಳಿ ಗುಂಯ್‌ಗುಡುತ್ತಿತ್ತು. ಅತ್ತೆ ನಿಧಾನವಾಗಿ ಕ್ಯಾಬಿನ ಕಡೆ ತಿರುಗಿದರು.

"ಕ್ಯಾಬಲ್ಲಿ ಯಾರಿದ್ದಾರೆ?"

ನಿಕಾನೋರ್ ಸೀಟಿನಲ್ಲಿ ಇನ್ನಷ್ಟು ತಗ್ಗಿ ಕೂತ.

"ಅಳಿಯಂದ್ರೇ, ಕ್ಯಾಬಲ್ಲಿ ಯಾರಿದ್ದಾರೆ ಅಂತ ಕೇಳಿದೆ."

"ನಾ... ನಾನೇ ಅತ್ತೆ."

"ಇಳೀರಿ."

ನಿಕಾನೋರ್ ಗೇರು ಬಿಡಿಸಿ, ಬಾಗಿಲು ತೆರೆದು, ಒಂದು ಕಾಲು ಕೆಳಗಿಟ್ಟ. ಇನ್ನೊಂದು ಕಾಲು ಕೆಳಗಿಟ್ಟದ್ದೇ ತಡ, ಗಾಡಿ ಉಸ್ಸೆಂದು ನಿಟ್ಟುಸಿರು ಬಿಟ್ಟು, ಊರಿನ ಕಣ್ಣೆದುರು, ಪಾದ್ರಿಗಳ ಕಣ್ಣೆದುರು, ಮಾತೆಯ ಕಣ್ಣೆದುರು ಮೇಲಕ್ಕೆದ್ದಿತು!

"ಎದ್ದಿತು! ಎದ್ದಿತು!" ಎಂದು ಕ್ರಿಸ್ಪೀನ್ ಉರುಳಿಕೊಂಡು ದೂರ ಸರಿದ.

ಕಡ್ಡಿಯಂಥ ಯೆಸೇನಿಯಾ ಹೊರಗಿನಿಂದಲೇ ಕೈ ಹಾಕಿ ಸ್ಟೀರಿಂಗ್ ಹಿಡಿದಳು. ಮತಚೀನಿನವರು ಗರಿ ಗೆಜ್ಜೆಗಳ ಸಮೇತ ಭುಜ ಕೊಟ್ಟು ತಳ್ಳಿದರು. ಗಾಡಿ ಆಚೆ ಇಳಿಯಿತು. ರೈಲು ಕೀರಲು ಸದ್ದಿನಲ್ಲಿ ಬಂದು, ಗಾಡಿ ಇದ್ದ ಜಾಗವನ್ನು ದಾಟಿ ನಿಂತಿತು. ಚಾಲಕ ಕಿಟಕಿಯಿಂದ ಬಗ್ಗಿ ಮಾತೆಯನ್ನು ನೋಡಿ ಟೋಪಿ ತೆಗೆದ. ನಿಕಾನೋರ್ ಹುಲ್ಲಿನ ಮೇಲೆ ಕುಸಿದು ಕೂತಿದ್ದ.

ರೈಲು ಹೋದ ಮೇಲೆ ಉಳಿದ ದಾರಿಗೆ ಯೆಸೇನಿಯಾ ಗಾಡಿ ಓಡಿಸಿದಳು. ಅತ್ತೆಯೂ ಅಳಿಯನೂ ಗಾಡಿಯ ಹಿಂದೆ ಅಕ್ಕಪಕ್ಕದಲ್ಲಿ ನಡೆದರು. ಅತ್ತೆ ದಾರಿಯುದ್ದಕ್ಕೂ ಒಂದು ಮಾತನ್ನೂ ಆಡಲಿಲ್ಲ. ಅವನಿಗೆ ರೈಲಿಗಿಂತ ಆ ಮೌನದ್ದೇ ಹೆದರಿಕೆಯಾಗಿ, ಜಪಮಾಲೆಯಿಲ್ಲದಿದ್ದರೂ ಬೆರಳೆಣಿಸುತ್ತಾ ಜಪ ಮಾಡಿದ.

ಪೂಜೆ ಮುಗಿದ ಮೇಲೆ ಚರ್ಚಿನ ಸಭಾಂಗಣದಲ್ಲಿ ಊಟ. ಮೆಕ್ಕೆಜೋಳದ ಸಿಪ್ಪೆಯಲ್ಲಿ ಸುತ್ತಿ ಬೇಯಿಸಿದ ಬಿಸಿ ಬಿಸಿ ತಮಾಲೆ ಕಡುಬುಗಳನ್ನು ಯೆಸೇನಿಯಾ ಬಡಿಸುತ್ತಾ ಬಂದಳು, ಹಿಂದೆ ಉಸ್ತುವಾರಿಗೆ ಅತ್ತೆ. ಎಲ್ಲರ ತಟ್ಟೆಗೂ ಅರ್ಧ ಡಜನ್ ಬಿತ್ತು. ನಿಕಾನೋರ್ ತಲೆಯೆತ್ತದೆ ತನ್ನ ತಟ್ಟೆ ಮುಂದೆ ಹಿಡಿದ. ಅತ್ತೆ ಮಗಳ ಕೈ ತಡೆದರು.

"ಇವರಿಗೆ ಒಂದೇ ಸಾಕಮ್ಮ," ಎಂದರು, ಇಡೀ ಸಭಾಂಗಣಕ್ಕೆ ಕೇಳುವಂತೆ. "ಮನೆಗೆ ಹೋಗ್ತಾ ಮತ್ತೆ ಹಳಿ ದಾಟ್ಬೇಕು."