ಬಾಯಿ ಮುಚ್ಚಿದ ರಾಜಕುಮಾರಿ

ಹಲ್ಲಿನ ಆಸ್ಪತ್ರೆಯ ಕಂಪೌಂಡರು ಆ ಬೆಳಿಗ್ಗೆ ಹಳೆಯ ಕತೆಯೊಂದರಲ್ಲಿ ಸಣ್ಣದೊಂದು ಬದಲಾವಣೆ ಮಾಡಿಕೊಂಡರು. ಎಡವಟ್ಟಾದದ್ದು ಅಲ್ಲೇ.

ಆಸ್ಪತ್ರೆಯಲ್ಲಿ ಅವರನ್ನು ಎಲ್ಲರೂ ಕತೆಯಪ್ಪ ಎಂದೇ ಕರೆಯುತ್ತಿದ್ದರು. ರಾಜಕುಮಾರಿ, ರಾಕ್ಷಸ, ಮಾತಾಡುವ ಕುದುರೆ ಎಂದರೆ ಅವರಿಗೆ ಚಿಕ್ಕಂದಿನಿಂದ ಪ್ರಾಣ. ಒಂದೇ ಕತೆಯನ್ನು ಹತ್ತು ಜನ ಹತ್ತು ಥರ ಹೇಳಿದರೆ ಹತ್ತನ್ನೂ ಕಣ್ಣರಳಿಸಿ ಕೇಳುವರು. ಹೆಂಡತಿ ಇದ್ದಷ್ಟು ದಿನ ಅವಳಿಗೆ ಹೇಳುತ್ತಿದ್ದರು. ಅವಳು ಹೋದ ಮೇಲೆ ಮನೆಯ ಗೋಡೆಗಳು ಹೂಂಗುಟ್ಟಲಿಲ್ಲ. ಹಲ್ಲು ಕೀಳಿಸಿಕೊಳ್ಳಲು ಬಂದು ಬೆಂಚಿನ ಮೇಲೆ ನಡುಗುತ್ತ ಕೂರುವ ಮಕ್ಕಳಷ್ಟೇ ಅವರ ಪಾಲಿಗೆ ಉಳಿದವರು.

"ರಾಕ್ಷಸ ಹೊತ್ಕೊಂಡು ಹೋದಾಗ ಈ ರಾಜಕುಮಾರಿ ಹಳೇ ಕತೇಲಿ ಇದ್ದ ಹಾಗೆ ಮೂರ್ಛೆಗೀರ್ಛೆ ಹೋಗ್ಲಿಲ್ಲ. ತುಟಿ ಬಿಗಿಯಾಗಿ ಮುಚ್ಕೊಂಡ್ಬಿಟ್ಲು. ರಾಕ್ಷಸನ ಮಾಯೆ ಬಾಯಿಂದ ತಾನೆ ಒಳಗೆ ಹೋಗ್ಬೇಕು?" ಎಂದರು ಕತೆಯಪ್ಪ.

ಕೆನ್ನೆ ಬನ್ನಿನಂತೆ ಊದಿದ್ದ ಹುಡುಗಿಯೊಬ್ಬಳು ಇದನ್ನು ಗಮನವಿಟ್ಟು ಕೇಳಿದಳು. ಒಳಗೆ ಹೋದಳು, ಕುರ್ಚಿಯಲ್ಲಿ ಒರಗಿದಳು, ತುಟಿ ಬಿಗಿದಳು.

"ಆ ಅನ್ನು ಪುಟ್ಟೀ," ಎಂದರು ಡಾಕ್ಟರು.

"ಉಹುಂ," ಎಂದಿತು ಮೂಗು.

ಡಾಕ್ಟರು ಗದರಿದರು, ಗೋಗರೆದರು. ಸುದ್ದಿ ಹೊರಗೆ ಹಬ್ಬಿತು. ಬೆಂಚಿನ ಮಕ್ಕಳೆಲ್ಲ ಬಂದ್ ದಿನದ ಅಂಗಡಿಗಳ ಹಾಗೆ ಬಾಗಿಲು ಹಾಕಿಕೊಂಡವು.

"ರಾಜಕುಮಾರಿ ಬಾಯಿ ಮುಚ್ಚೋದು ಎಲ್ಲಿಂದ ಬಂತ್ರೀ? ಅವಳು ಹಾಡ್ತಾಳೆ!" ಎಂದರು ಹೊಸ ಹಲ್ಲುಸೆಟ್ಟಿಗಾಗಿ ಕಾಯುತ್ತಿದ್ದ ರಿಟೈರ್ಡ್ ಮೇಷ್ಟ್ರು. ಹಲ್ಲಿಲ್ಲದ ಬಾಯಿಂದ ಮಾತಿಗಿಂತ ಗಾಳಿಯೇ ಹೆಚ್ಚು ಬಂತು.

"ಹಾಡೋದೂ ಇಲ್ಲ, ಗೀಡೋದೂ ಇಲ್ಲ. ಅಳ್ತಾಳೆ. ಕಣ್ಣೀರೆಲ್ಲ ಮುತ್ತಾಗುತ್ತೆ," ಎಂದಳು ಹುಡುಗಿಯ ಅಜ್ಜಿ.

ಕತೆಯಪ್ಪನಿಗೆ ತಲೆಯ ಮೇಲೆ ಬಂದಿದ್ದ ಆಪತ್ತು ಮರೆತೇ ಹೋಯಿತು. "ಹೌದಾ ಅಮ್ಮ? ಮುತ್ತಾಗುತ್ತಾ? ಆಮೇಲೆ?"

ಹಿಂದೆ ಡಾಕ್ಟರು ನಿಂತಿದ್ದರು. "ಮುತ್ತಂತೆ ಮುತ್ತು! ಆ ಹುಡುಗಿ ಕೆನ್ನೇಲಿ ಕೀವು ತುಂಬ್ತಾ ಇದೆ. ಬಾಯಿ ತೆಗೆಸಿ. ಇಲ್ದಿದ್ರೆ ನಾಳೆಯಿಂದ ಮನೇಲೇ ಕೂತು ಕತೆ ಹೇಳ್ಕೊಳ್ಳಿ."

"ಯಾರಿಗೆ ಸಾರ್?" ಎಂದರು ಕತೆಯಪ್ಪ. ಡಾಕ್ಟರು ಆಗಲೇ ಒಳಗೆ ಹೋಗಿದ್ದರು.

ಕತೆಯಪ್ಪ ಹುಡುಗಿಗೆ ನಗಿಸುವ ಕತೆ ಹೇಳಿದರು. ಹುಡುಗಿ ಮೂಗಿನಲ್ಲೇ ನಕ್ಕಳು. ಬಾಯಿ ತೆರೆದರೆ ಹೂ ಉದುರುವ ಕತೆ ಹೇಳಿದರು. ಅವಳು ಅನುಮಾನದಿಂದ ಹುಬ್ಬೇರಿಸಿದಳು. ಕೊನೆಗೆ ಕತೆಯಪ್ಪ ಮೆಟ್ಟಿಲ ಮೇಲೆ ಕುಸಿದು ಕೂತರು. ಹೇಳಲು ಕತೆಯೇ ಸಿಗದ ಸ್ಥಿತಿ ಜನ್ಮದಲ್ಲಿ ಅದೇ ಮೊದಲು.

ಪಕ್ಕದಲ್ಲಿ ಹುಡುಗಿ ಬಂದು ಕೂತು, ಬಾಯಿಗೆ ಅಂಗೈ ಅಡ್ಡ ಹಿಡಿದು ಕೇಳಿದಳು. "ತಾತ, ಅಳ್ತಿದೀರಾ?"

ಕತೆಯಪ್ಪ ಮೂಗೊರೆಸಿಕೊಂಡು ಮೆಲ್ಲಗೆ ಹೇಳಿದರು: "ರಾಕ್ಷಸನ ಮನೇಲಿ ಒಬ್ಬ ಮುದಿ ಸೇವಕ ಇದ್ದ ಕಣಮ್ಮ. ರಾಜಕುಮಾರಿ ಬಾಯಿ ತೆಗೀದಿದ್ರೆ ಅವನನ್ನ ಹೊರಗೆ ಹಾಕ್ತಿದ್ರು. ಪಾಪ, ಅವನಿಗೆ ಹೋಗೋಕೆ ಜಾಗ ಇರ್ಲಿಲ್ಲ. ಅದಕ್ಕೇ ಅವಳು ಒಂದೇ ಒಂದ್ಸಲ ಬಾಯಿ ತೆಗೆದ್ಲು."

ಹುಡುಗಿ ಅವರ ಮುಖವನ್ನೇ ನೋಡಿದಳು. ಎದ್ದು ಒಳಗೆ ಹೋಗಿ ಕುರ್ಚಿ ಹತ್ತಿ ಬಾಯಿ ತೆರೆದಳು. ಕಿಟಾರನೆ ಕಿರುಚಿದ ಸದ್ದು ಬೀದಿಯವರೆಗೂ ಕೇಳಿಸಿತು.

ಡಾಕ್ಟರು ಹಿಗ್ಗಿ ಹೀರೇಕಾಯಿಯಾದರು. "ಭೇಷ್! ಇನ್ಮೇಲೆ ಪ್ರತಿ ಮಗೂನೂ ಮೊದಲು ನಿಮ್ಮ ಹತ್ರಾನೇ ಬರ್ಲಿ. ಇದೇ ನಿಮ್ಮ ಕೆಲಸ!"

ಜೀವನವಿಡೀ ಬಯಸಿದ್ದು ಇದನ್ನೇ. ಕತೆಯಪ್ಪ ದಂಡಯಾತ್ರೆ ಗೆದ್ದ ರಾಜನಂತೆ ಹೊರಗೆ ಬಂದರು.

ಬೆಂಚಿನ ಮೇಲೆ ಆ ಹುಡುಗಿ, ಬಾಯಲ್ಲಿ ಹತ್ತಿ ಕಚ್ಚಿಕೊಂಡೇ, ಮಕ್ಕಳಿಗೆ ಕತೆ ಹೇಳುತ್ತಿದ್ದಳು. "ಕೆಟ್ಟವನು ರಾಕ್ಷಸ ಅಲ್ಲ, ಅವನ ಸೇವಕ. ಮುದುಕ. ಸಿಹಿಸಿಹಿ ಕತೆ ಹೇಳ್ತಾನೆ. ಅಳೋ ಹಾಗೆ ಮಾಡ್ತಾನೆ. ಪಾಪ ಅಂತ ಬಾಯಿ ತೆಗೆದ್ರೋ, ರಾಕ್ಷಸ ಬಂದೇಬಿಡ್ತಾನೆ."

ಕತೆಯಪ್ಪ ನಿಂತಲ್ಲೇ ನಿಂತರು. ಆ ಮುದುಕ ಯಾರೆಂದು ತಿಳಿಯಿತು, ಆದರೂ ಮೈಮೇಲೆ ರೋಮ ಎದ್ದಿತು. ಆ ಕತೆಯನ್ನು ಇಷ್ಟು ಚೆನ್ನಾಗಿ ಯಾರೂ ಹೇಳಿದ್ದಿಲ್ಲ.

"ಆಮೇಲೆ?" ಎಂದರು ತಡೆಯಲಾರದೆ. "ಆ ಸೇವಕನಿಗೆ ಏನಾಯ್ತು ಮಗೂ?"

ಹುಡುಗಿ ಅಜ್ಜಿಯ ಕೈ ಹಿಡಿದು ಎದ್ದಳು. "ಏನಾಗುತ್ತೆ? ಏನೂ ಆಗಲ್ಲ. ನಾಳೇನೂ ಅಲ್ಲೇ ಇರ್ತಾನೆ."

"ಕತೆಯಪ್ಪನವರೇ, ಮುಂದಿನ ಮಗು!" ಒಳಗಿನಿಂದ ಡಾಕ್ಟರು ಖುಷಿಯಾಗಿ ಕೂಗಿದರು.

ಕತೆಯಪ್ಪ ಆ ಮಗುವಿನ ಮುಂದೆ ಮೊಣಕಾಲೂರಿ ಕೂತು, ಗಂಟಲು ಸರಿಮಾಡಿಕೊಂಡರು. ಮಗು ಎರಡೂ ಕಿವಿಗೆ ಬೆರಳಿಟ್ಟುಕೊಂಡಿತು.