ಕ್ಯಾಮೆರಾದ ಮುಂದಿನ ಹತ್ತಡಿ ನೆಲ

ದೂರದ ವಸ್ತುಗಳು ಒಲಿದಷ್ಟು ಹತ್ತಿರದವು ನನಗೆ ಯಾವತ್ತೂ ಒಲಿದಿಲ್ಲ. ಹೊಳಲ್ಕೆರೆಯಲ್ಲಿ ಡ್ರಾಯಿಂಗ್ ಮೇಷ್ಟರಾಗಿದ್ದ ನಾನು, ಎರಡು ಸಾವಿರದ ಇಸವಿಯ ಆಸುಪಾಸಿನಲ್ಲಿ ಸೆಕೆಂಡ್ ಹ್ಯಾಂಡ್ ಕಂಪ್ಯೂಟರೊಂದನ್ನು ಮನೆಗೆ ತಂದೆ. ಅದರಲ್ಲಿ ಬೆಟ್ಟಗುಡ್ಡ ಸೃಷ್ಟಿಸುವ ಸಾಫ್ಟ್‌ವೇರ್ ಇತ್ತು. ಒಂದು ಗುಂಡಿ ಒತ್ತಿದರೆ ಜೋಗಿಮಟ್ಟಿಯಂಥ ಬೆಟ್ಟ, ಇನ್ನೊಂದು ಒತ್ತಿದರೆ ಅದರ ನೆತ್ತಿಗೆ ಮಂಜು. ಸೋತದ್ದು ಮಾತ್ರ ಆ ಸಾಫ್ಟ್‌ವೇರಿನೊಳಗಿನ ಕ್ಯಾಮೆರಾದ, ಅಂದರೆ ನೋಡುವವನ ಕಣ್ಣಿನ, ಮುಂದಿನ ಹತ್ತಡಿ ನೆಲದಲ್ಲಿ. ನೋಡುವವನು ನಿಲ್ಲಲು ಒಂದಿಷ್ಟು ಮಟ್ಟಸ ಜಾಗ ಬೇಕಲ್ಲ? ಹಾಗೇ ಬಿಟ್ಟರೆ ಪುಟ್ಟ ದಿಬ್ಬವೊಂದು ಅಡ್ಡ ಬಂದು ಬೆಟ್ಟಸಾಲನ್ನೇ ಮುಚ್ಚುತ್ತಿತ್ತು. ಒತ್ತಿ ಸಮ ಮಾಡಿದರೆ ರೆಡ್ ಆಕ್ಸೈಡ್ ಹಾಕಿದ ನಡುಮನೆಯಂತೆ ನುಣ್ಣಗಾಗುತ್ತಿತ್ತು. ಸಾಲದ್ದಕ್ಕೆ ಆ ಯಂತ್ರ ಚಿತ್ರವನ್ನು ಮೇಲಿನಿಂದ ಕೆಳಕ್ಕೆ ಗೆರೆಗೆರೆಯಾಗಿ ಬಿಡಿಸುತ್ತಿತ್ತು. ಬೆಳಿಗ್ಗೆ ಆಕಾಶ, ಮಧ್ಯಾಹ್ನ ಬೆಟ್ಟ. ನೆಲದ ಸರದಿ ಬರುವಷ್ಟರಲ್ಲಿ ಬಹಳ ಸಲ ಕರೆಂಟೇ ಹೋಗುತ್ತಿತ್ತು. ಆಗ ನಾನು ಕಪ್ಪು ಪರದೆಯ ಮುಂದೆ ಕುಳಿತು, ಇನ್ನೂ ಹುಟ್ಟದ ಆ ನೆಲದ ಮೇಲೆ ಮನಸ್ಸಿನಲ್ಲೇ ಬರಿಗಾಲಲ್ಲಿ ಅಡ್ಡಾಡುತ್ತಿದ್ದೆ. ಅಲ್ಲಿ ಸದಾ ತಂಗಾಳಿ ಬೀಸುತ್ತಿತ್ತು.

ಇತ್ತ ನಮ್ಮ ಹಿತ್ತಲು ಬರೀ ಹಳ್ಳದಿಣ್ಣೆ. "ಅಪ್ಪ ಬರ್ತಾರೆ ಕಣ್ರಿ, ಮೊದ್ಲೇ ಮಂಡಿನೋವು. ಕಾಲು ತೊಳಿಯಾಕೆ ಹೋಗಿ ಬಿದ್ಗಿದ್ದಾರು. ಒಂಚೂರು ಮಟ್ಟ ಮಾಡ್ರಿ," ಎಂದು ಹೆಂಡತಿ ಶಾಂತಾ ತಿಂಗಳಿಂದ ಹೇಳುತ್ತಿದ್ದಳು. ಭಾನುವಾರ ಮಾಡ್ತೀನಿ ಎಂದಿದ್ದೆ. ಪ್ರತಿ ಭಾನುವಾರ ಮಟ್ಟ ಮಾಡುತ್ತಲೂ ಇದ್ದೆ, ಪರದೆಯ ಮೇಲೆ.

ಕೊನೆಗೊಂದು ಭಾನುವಾರ ಮಾವನವರು ಶ್ರೀರಾಂಪುರದಿಂದ ಬೆಳಗಿನ ಬಸ್ಸಿಗೇ ಬಂದರು. ಜೀವಮಾನವೆಲ್ಲ ರಾಗಿ ಹೊಲ ಹಸನು ಮಾಡಿದವರು. ಹೇಗೋ ಪೂರ್ತಿಯಾಗಿದ್ದ ಹಳೆಯ ಚಿತ್ರವೊಂದನ್ನು ತೋರಿಸಿದೆ. ಬೆಟ್ಟವನ್ನು ಅವರು ಕಣ್ಣೆತ್ತಿಯೂ ನೋಡಲಿಲ್ಲ; ಮುಂದಿನ ನೆಲದ ಮೇಲೆ ಬೆರಳಿಟ್ಟರು.

"ಅಳಿಯಾರೆ, ಇಲ್ಲಿ ಮಳೆ ಬಿದ್ರೆ ನೀರು ಎತ್ತಾಗೆ ಹೋಗ್ತೈತೆ?"

"ಇದು ಚಿತ್ರ ಮಾವ, ಮಳೆ ಬರಲ್ಲ."

"ಬರದಿದ್ರೂ ನೀರು ಹರಿಯಂಗೆ ಒಂದ್ ಕಡೀಗೆ ಚೂರು ವಾಟ ಇರ್ಬೇಕ್ರಿ. ಇಲ್ದಿದ್ರೆ ಅದು ತಟ್ಟೆ ಆಗ್ತೈತೆ, ನೆಲ ಆಗಲ್ಲ."

ನನಗೆ ರೋಮಾಂಚನವಾಯಿತು. ನೆಲವನ್ನು ಎಡಕ್ಕೆ ತುಸು ವಾಲಿಸಿ, ನೀರು ಹರಿದ ಸಣ್ಣ ಗೀರೊಂದನ್ನು ಎಳೆದು, ಚಿತ್ರ ಬಿಡಿಸಲು ಯಂತ್ರಕ್ಕೆ ಬಿಟ್ಟು ಕಾದು ಕುಳಿತೆ. ಹಿತ್ತಲಿನಿಂದ ದಬದಬ ಸದ್ದು ಕೇಳುತ್ತಿತ್ತು. ಶಾಂತಾ ಬಟ್ಟೆ ಒಗೆಯುತ್ತಿದ್ದಾಳೆ ಅಂದುಕೊಂಡೆ. ಅಂದು ಕರೆಂಟೂ ಹೋಗಲಿಲ್ಲ. ಸಂಜೆಗೆ ನೆಲ ಮೆಲ್ಲಗೆ ಇಳಿದು ಬಂತು: ಕೆಮ್ಮಣ್ಣು, ಚೂರು ವಾಟ, ಚಪ್ಪಲಿ ಬಿಟ್ಟು ನಡೆಯಬೇಕೆನಿಸುವಂಥ ನೆಲ. ಕಣ್ಣು ತುಂಬಿ ಬಂತು. ಶಾಂತಾಳನ್ನು ಕರೆಯಲು ಹಿತ್ತಲಿಗೆ ಓಡಿದೆ.

ಹಿತ್ತಲಲ್ಲಿ ಒಂದೂ ದಿಣ್ಣೆ ಇರಲಿಲ್ಲ. ಒಗೆಯುವ ಕಲ್ಲಿನಿಂದ ಮೋರಿಯವರೆಗೆ ನೆಲ ಹದವಾಗಿ ಇಳಿದಿತ್ತು. ಸಲಿಕೆಯನ್ನು ಗೋಡೆಗೊರಗಿಸಿ, ಚಾಪೆಯ ಮೇಲೆ ಮಂಡಿ ನೀವುತ್ತ ಮಾವನವರು ಕುಳಿತಿದ್ದರು, ಪಕ್ಕದ ನೆಲದ ಮೇಲೆ ಶಾಂತಾ.

"ಬರ್ರಿ, ಕುಂತ್ಕಳ್ರಿ. ನಿಮ್ ನೆಲ ಬಂತಾ?"

"ಬಂತು ಮಾವ."

"ನಮ್ದೂ ಬಂತು."

ನಾಚಿಕೆಯಿಂದ ಕುಗ್ಗಿಹೋದೆ. ಅಷ್ಟರಲ್ಲಿ ಅಡುಗೆಮನೆಯ ದೀಪ ಆರಿತು. ಚಿತ್ರವನ್ನು ಸೇವ್ ಮಾಡಿರಲಿಲ್ಲ! ಒಳಗೆ ಓಡಹೊರಟವನನ್ನು ಶಾಂತಾ ತಡೆದು, ನೆಲ ತಟ್ಟಿ, "ಕುಂತ್ಕಳ್ರಿ, ಇದು ಕರೆಂಟ್ ಹೋದ್ರೂ ಇರ್ತೈತೆ," ಎಂದಳು.

ಎಣ್ಣೆ ಬಟ್ಟಲು ಕೇಳಿ ತರಿಸಿಕೊಂಡು, ಚಾಪೆಯ ಅಂಚಿನಲ್ಲಿ ಕುಳಿತು, ಕೈ ಚಾಚಿ ಮಾವನವರ ಮಂಡಿ ತಿಕ್ಕತೊಡಗಿದೆ.

"ಅಲ್ಲಲ್ಲ ಅಳಿಯಾರೆ," ಎಂದರು ಅವರು. "ಅಷ್ಟು ದೂರದಿಂದ ಆಗಲ್ಲ. ಹತ್ರಕ್ಕೆ ಬರ್ರಿ."