ಘೃತಸೇನ ಮಹಾರಾಜರ ಬೂದುಗುಂಬಳ ಪಥ್ಯ

ಬಹಳ ಹಿಂದೆ, ಈಗಿನ ಯಾವ ನಕಾಶೆಯಲ್ಲೂ ಸಿಗದ ಸ್ಥೂಲಾವತಿ ಎಂಬ ರಾಜ್ಯವೊಂದಿತ್ತು. ಅದನ್ನಾಳುತ್ತಿದ್ದ ಘೃತಸೇನ ಮಹಾರಾಜರು ಒಮ್ಮೆ ಸಭೆ ಮುಗಿಸಿ ಎದ್ದಾಗ ಸಿಂಹಾಸನವೂ ಅವರೊಡನೆ ಎದ್ದಿತು. ಭಟರು ಎಳೆದು ಬಿಡಿಸಿದರು. ನೆರೆರಾಜ್ಯದ ರಾಯಭಾರಿ ಕೆಮ್ಮುವ ನೆಪದಲ್ಲಿ ಬಾಯಿಗೆ ಉತ್ತರೀಯ ಒತ್ತಿಕೊಂಡದ್ದು ಮಹಾರಾಜರ ಕಣ್ಣಿಗೆ ಬಿತ್ತು. ಅವರಿಗೆ ನಿಜಕ್ಕೂ ನೋವಾಯಿತು.

"ತಾವು ದಪ್ಪಗಾಗಿಲ್ಲ ಮಹಾಪ್ರಭು, ಸಿಂಹಾಸನ ಕುಗ್ಗಿದೆ. ಹಿಂದಿನ ಆಡಳಿತದ ಕಳಪೆ ಕಾಮಗಾರಿ," ಎಂದರು ಮಹಾಮಂತ್ರಿ ಚಾಟುಕೀರ್ತಿ.

"ಹಿಂದೆ ಆಳಿದ್ದು ನಮ್ಮ ತಂದೆಯವರು ಕಣಯ್ಯ."

"ಹಾಗಾದರೆ ಮರದ ತಪ್ಪು, ಪ್ರಭು."

ಆದರೂ ಮಹಾರಾಜರು ಕರಗಲು ನಿಶ್ಚಯಿಸಿದರು. ಡಿಟಾಕ್ಸ್ ತಜ್ಞ ನಿರಾಹಾರಾನಂದರು ಪಥ್ಯ ವಿಧಿಸಿದರು: ಬೆಳಿಗ್ಗೆ ಬೂದುಗುಂಬಳದ ರಸ, ಮಧ್ಯಾಹ್ನ ಅದೇ ರಸ ನೀರು ಬೆರೆಸಿ, ಸಂಜೆ ಆ ರಸವನ್ನು ನೆನೆಯುತ್ತಾ ಬರೀ ನೀರು.

ಮೊದಲ ದಿನ ಮಹಾರಾಜರಿಗೆ ಹಾಯೆನಿಸಿತು. ಮರುದಿನ ಸೇನಾಪತಿಯ ಬೋಳು ತಲೆ ಉಬ್ಬಿದ ಪೂರಿಯಂತೆ ಕಂಡಿತು. ಅದರ ಮಾರನೆಯ ದಿನ ಕೋಟೆಬಾಗಿಲಿನ ಗಿರಿಜವ್ವನ ಬಂಡಿಯಿಂದ ಮಿರ್ಚಿ ಕರಿಯುವ ವಾಸನೆ ತೇಲಿ ಬಂದು ಮಹಾರಾಜರು ಗಳಗಳನೆ ಅತ್ತುಬಿಟ್ಟರು. ಕೂಡಲೇ ಆಜ್ಞೆ ಹೊರಟಿತು: ರಾಜಧಾನಿಯಲ್ಲಿ ಕರಿಯುವುದು, ಒಗ್ಗರಣೆ ಹಾಕುವುದು ರಾಜದ್ರೋಹ. ಜಾರಿಗೆ ಪರಿಮಳ ನಿಯಂತ್ರಣ ಪ್ರಾಧಿಕಾರ. ಅಧ್ಯಕ್ಷರು ಮಹಾಮಂತ್ರಿಗಳ ಭಾವಮೈದುನ.

ಗಿರಿಜವ್ವನನ್ನು ಮಿರ್ಚಿ ತುಂಬಿದ ಬಾಣಲೆಸಮೇತ ಸಭೆಗೆ ತಂದರು.

"ನೀವು ಉಪಾಸ ಮಾಡ್ರಿ ಮಹಾರಾಜ್ರ, ಬ್ಯಾಡ ಅನ್ನಂಗಿಲ್ಲ. ನನ್ನ ಒಲಿ ಯಾಕ ಆರಸ್ತೀರಿ? ಮನ್ಯಾಗ ಉಣ್ಣೋರು ಅದಾರ್ರಿ," ಎಂದಳು ಆಕೆ.

ಮಹಾರಾಜರ ಮನಸ್ಸು ಕರಗಿತು. ಕಣ್ಣು ಮಾತ್ರ ಬಾಣಲೆಯ ಮೇಲಿತ್ತು. "ಇವಳು ಹೋಗಲಿ. ಸಾಕ್ಷ್ಯ ಇಲ್ಲೇ ಇರಲಿ," ಎಂದರು.

ಸಭೆ ಚದುರುವಷ್ಟರಲ್ಲಿ ಸಾಕ್ಷ್ಯ ಖಾಲಿಯಾಗಿತ್ತು. ಆಮೇಲೆ ಪ್ರಾಧಿಕಾರದವರು ದಿನವೂ ಊರಿನ ಅಡುಗೆಮನೆಗಳಿಂದ ಹೊಸ ಹೊಸ ಸಾಕ್ಷ್ಯ ತರತೊಡಗಿದರು. ಹೋಳಿಗೆ, ಚಿರೋಟಿ, ಬದನೆಕಾಯಿ ಎಣ್ಣೆಗಾಯಿ. ಮಹಾರಾಜರು ಖುದ್ದಾಗಿ ಪರಿಶೀಲಿಸಿದರು.

ತಿಂಗಳ ಕೊನೆಗೆ ತೂಗಿದಾಗ ತಕ್ಕಡಿಯ ಸರಪಳಿ ಕಿತ್ತುಬಂತು. ತಜ್ಞರು ಬೆವರಿದರು. ಮಹಾಮಂತ್ರಿಗಳು ಬೆವರಲಿಲ್ಲ.

"ಪ್ರಭುಗಳೆಂದರೆ ರಾಜ್ಯ. ಪ್ರಭುಗಳ ತೂಕವೆಂದರೆ ರಾಜ್ಯದ ತಲಾವಾರು ತೂಕ. ಪ್ರಜೆಗಳು ಇಳಿದರೆ ತಾವು ಇಳಿದಂತೆಯೇ!"

ಹೊಟ್ಟೆ ತುಂಬಿದ್ದ ಮಹಾರಾಜರಿಗೆ ತರ್ಕ ಸರಿಯೆನಿಸಿತು. ಪಥ್ಯ ರಾಜ್ಯಕ್ಕೆಲ್ಲ ಅನ್ವಯವಾಯಿತು. ಮನೆಮನೆಯ ಒಲೆಗಳಿಗೆ ಸೀಲು ಬಿತ್ತು. ರೇಷನ್ ಅಂಗಡಿಯಲ್ಲಿ ಬೂದುಗುಂಬಳದ ರಸ, ಮೇಲೆ ದೇಹಶುದ್ಧಿ ತೆರಿಗೆ. ಸರಬರಾಜಿನ ಟೆಂಡರು ನಿರಾಹಾರಾನಂದರಿಗೆ.

ಒಂದು ಮಧ್ಯಾಹ್ನ ಮಹಾರಾಜರು ಕಿಟಕಿಯಿಂದ ರೇಷನ್ ಅಂಗಡಿಯ ಕ್ಯೂ ನೋಡಿದರು. ಗಿರಿಜವ್ವ ಚೊಂಬು ಹಿಡಿದು ನಿಂತಿದ್ದಳು. ಕೈ ಎತ್ತಿದರೆ ಬಳೆಗಳು ಮೊಣಕೈಗೆ ಜಾರುತ್ತಿದ್ದವು. ಮಹಾರಾಜರಿಗೆ ಎದೆಯಲ್ಲಿ ಏನೋ ಚುಚ್ಚಿದಂತಾಯಿತು.

"ಆ ಹೆಂಗಸು ಸೊರಗಿದಂತಿದೆಯಲ್ಲ?"

"ಸೊರಗಿಲ್ಲ ಪ್ರಭು. ಫಲಾನುಭವಿ," ಎಂದರು ಮಹಾಮಂತ್ರಿಗಳು.

ಆ ಪದ ಮಹಾರಾಜರಿಗೆ ಹಿತವಾಯಿತು. ಅವರು ಕಿಟಕಿ ಮುಚ್ಚಿಸಿದರು.

ತಲಾವಾರು ತೂಕ ದಾಖಲೆ ಮಟ್ಟಕ್ಕೆ ಇಳಿದ ಸಂಭ್ರಮದಲ್ಲಿ ಅವರಿಗೆ 'ಕೃಶೋದರ ಚಕ್ರವರ್ತಿ' ಬಿರುದು ಕೊಟ್ಟು ಪಲ್ಲಕ್ಕಿಯಲ್ಲಿ ಮೆರವಣಿಗೆ ಮಾಡಿದರು. ಹೊರಲು ಮೊದಲಿಗಿಂತ ಇಮ್ಮಡಿ ಜನ ಬೇಕಾದರು. ಅವರೆಲ್ಲರೂ ಮಹಾರಾಜರ ಪಥ್ಯದಲ್ಲಿದ್ದರು.